ಊರಂಚಿನಲ್ಲಿ ಮನೆ ಕಟ್ಟುವ ಮುಂಚೆ: ಪಹಣಿಯಿಂದ ಓಸಿವರೆಗೆ ಪೂರ್ತಿ ಮಾರ್ಗದರ್ಶಿ

ನೆಲಮಂಗಲ, ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಈ 4 ತಾಲ್ಲೂಕುಗಳಲ್ಲಿ ಎಲ್ಲಿಗೆ ಹೋದರೂ ರಾಗಿ ಹೊಲದ ಪಕ್ಕದಲ್ಲೇ ಲೇಔಟ್ ಬೋರ್ಡ್ ನಿಂತಿರುತ್ತದೆ. ರಸ್ತೆಯ ಒಂದು ಬದಿ ನಗರಸಭೆ, ಇನ್ನೊಂದು ಬದಿ ಗ್ರಾಮ ಪಂಚಾಯಿತಿ. ಹೆಸರಿಗೆ ಗ್ರಾಮಾಂತರ, ಆದರೆ ಅರ್ಧ ಆಗಲೇ ಪಟ್ಟಣ. ಇಂಥ ಕಡೆ 30×40 ಸೈಟು ನೋಡಿದವರು ಮೊದಲು ಕೇಳುವುದು "ಪ್ಲಾನ್ ಅಪ್ರೂವಲ್ ಎಲ್ಲಿ ಮಾಡಿಸಬೇಕು?" ಎಂದು. ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ.

ನಿಮ್ಮ ಜಾಗದ ಲೆಕ್ಕ ಮೂರು ಕಡೆ ಇರುತ್ತದೆ. ಅದು ಯಾರ ಹೆಸರಲ್ಲಿದೆ, ಕೃಷಿ ಜಮೀನೋ ಅಲ್ಲವೋ ಎಂದು ಹೇಳುವುದು ಕಂದಾಯ ಇಲಾಖೆ. ಅಲ್ಲಿ ಮನೆ ಬರಬಹುದೋ, ಫ್ಯಾಕ್ಟರಿ ಬರಬಹುದೋ, ಏನೂ ಬರಬಾರದೋ ಎಂದು ಹೇಳುವುದು ಯೋಜನಾ ಪ್ರಾಧಿಕಾರ. ಖಾತೆ, ತೆರಿಗೆ, ಕಟ್ಟಡದ ಪರವಾನಗಿ ಪಂಚಾಯಿತಿ ಅಥವಾ ನಗರಸಭೆಯದು. ಒಂದು ಕಡೆ ಸರಿ ಇದ್ದರೆ ಇನ್ನೊಂದು ಕಡೆಯೂ ಸರಿ ಇರುತ್ತದೆ ಅಂತೇನಿಲ್ಲ. "ಕನ್ವರ್ಷನ್ ಆಗಿದೆ ಸಾರ್, ಇನ್ನೇನು ಬೇಕು?" ಎನ್ನುವ ಒಂದು ಮಾತಿಗೆ ಎಷ್ಟೋ ಕುಟುಂಬಗಳು ಜೀವಮಾನದ ಉಳಿತಾಯ ಕೊಟ್ಟಿವೆ. ಕನ್ವರ್ಷನ್, ಅಂದರೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಪರಿವರ್ತಿಸುವುದು, ಒಂದು ಪ್ರಶ್ನೆಗೆ ಮಾತ್ರ ಉತ್ತರ. ಉಳಿದ ಪ್ರಶ್ನೆಗಳಿಗೆ ಬೇರೆ ಬೇರೆ ಕಾಗದ ಬೇಕು. ಅವುಗಳಿಗೆ ಒಂದು ಕ್ರಮವೂ ಇದೆ.

ಹಂತ 1: ಜಾಗ ಯಾರ ವ್ಯಾಪ್ತಿಯಲ್ಲಿದೆ?

ಫೋನಿಗೆ ದಿಶಾಂಕ್ ಆ್ಯಪ್ ಹಾಕಿಕೊಳ್ಳಿ. ಜಾಗದಲ್ಲೇ ನಿಂತು ತೆರೆದರೆ ಸರ್ವೆ ನಂಬರ್, ಗ್ರಾಮ, ಹೋಬಳಿ ತೋರಿಸುತ್ತದೆ. ಮಾರುವವರು ಕೊಟ್ಟ ಸರ್ವೆ ನಂಬರ್ ಅದೇ ಹೌದಾ ನೋಡಿ. ಇದು ಗಡಿ ಅಳತೆಯಲ್ಲ, ಅಂದಾಜು ಅಷ್ಟೇ. ಆದರೆ ಒಂದು ಜಾಗ ತೋರಿಸಿ ಇನ್ನೊಂದರ ಪತ್ರ ಕೊಡುವವರನ್ನು ಹಿಡಿಯಲು ಇಷ್ಟು ಸಾಕು.

ಆಮೇಲೆ ಎರಡು ವಿಷಯ ತಿಳಿದುಕೊಳ್ಳಿ: ಸ್ಥಳೀಯ ಸಂಸ್ಥೆ ಯಾವುದು, ಯೋಜನಾ ಪ್ರಾಧಿಕಾರ ಯಾವುದು. ನೆಲಮಂಗಲ ಮತ್ತು ಹೊಸಕೋಟೆಗೆ ಅವುಗಳದೇ ಯೋಜನಾ ಪ್ರಾಧಿಕಾರಗಳಿವೆ. ದೇವನಹಳ್ಳಿ ವಿಮಾನ ನಿಲ್ದಾಣದ ಸುತ್ತಲಿನ ಪ್ರದೇಶ ಬಯಪಕ್ಕೆ, ಅಂದರೆ ಬೆಂಗಳೂರು ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಪ್ರದೇಶ ಯೋಜನಾ ಪ್ರಾಧಿಕಾರಕ್ಕೆ ಸೇರುತ್ತದೆ. ಹಳ್ಳಿ ಪಂಚಾಯಿತಿಯದಾದರೂ ಯೋಜನೆಯ ವಿಷಯದಲ್ಲಿ ಪ್ರಾಧಿಕಾರದ ಮಾತೇ ನಡೆಯುತ್ತದೆ. ಇದು ಹಳ್ಳಿಯಲ್ಲಿ ಹುಟ್ಟಿ ಬೆಳೆದವರಿಗೂ ಗೊತ್ತಿರುವುದಿಲ್ಲ.

ಗಡಿಗಳು ಬದಲಾಗುತ್ತಲೂ ಇರುತ್ತವೆ. ನೆಲಮಂಗಲ ಪಟ್ಟಣ ನಗರಸಭೆಯಾದಾಗ ಸುತ್ತಲಿನ ಕೆಲವು ಪಂಚಾಯಿತಿಗಳ ಹಳ್ಳಿಗಳು ಅದರೊಳಗೆ ಬಂದವು. ಬೆಂಗಳೂರಿನ ಕಡೆ 2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿ 5 ಪಾಲಿಕೆಗಳು ಬಂದವು. ಹಾಗಾಗಿ ಹಳೆಯ ಪತ್ರದ ಮೇಲೆ ಪಂಚಾಯಿತಿ ಸೀಲು ಕಂಡರೆ, ಈಗಲೂ ಆ ಜಾಗ ಅದೇ ಪಂಚಾಯಿತಿಯಲ್ಲಿ ಇದೆಯಾ ಎಂದು ವಿಚಾರಿಸಿ.

ಹಂತ 2: ಕಂದಾಯದ ಕಾಗದಗಳನ್ನು ನಿಧಾನವಾಗಿ ಓದಿ

ಇಲ್ಲಿ ಆತುರ ಬೇಡ. ಮುಂದಿನ ಎಲ್ಲ ಹಂತಗಳೂ ಇದರ ಮೇಲೇ ನಿಂತಿವೆ.

ಮೊದಲು ಪಹಣಿ, ಅಂದರೆ ಆರ್‌ಟಿಸಿ. ಭೂಮಿ ವೆಬ್‌ಸೈಟಿನಲ್ಲಿ ಸಿಗುತ್ತದೆ. 3ನೇ ಕಾಲಂನಲ್ಲಿ ವಿಸ್ತೀರ್ಣ, 9ರಲ್ಲಿ ಮಾಲೀಕರ ಹೆಸರು, 11ರಲ್ಲಿ ಹಕ್ಕು ಮತ್ತು ಋಣ. ಹೆಚ್ಚಿನವರು 9 ನೋಡಿ ಮುಗಿಸುತ್ತಾರೆ. ಬ್ಯಾಂಕ್ ಸಾಲ, ಕೋರ್ಟ್ ತಡೆಯಾಜ್ಞೆ, ಭೂಸ್ವಾಧೀನದ ಟಿಪ್ಪಣಿ ಕೂತಿರುವುದು 11ರಲ್ಲಿ.

ವಿಸ್ತೀರ್ಣದ ಜೊತೆ ಖರಾಬು ಎಷ್ಟಿದೆ ನೋಡಿ. 'ಅ' ಖರಾಬು ಸಾಗುವಳಿಗೆ ಆಗದ ಜಾಗ. 'ಬ' ಖರಾಬು ದಾರಿ, ಹಳ್ಳ, ಕೆರೆ, ಸ್ಮಶಾನದಂಥ ಸಾರ್ವಜನಿಕ ಬಳಕೆಯ ಜಾಗ. 'ಬ' ಖರಾಬಿನ ಮೇಲೆ ಸೈಟು ಗೀಚಿ ಮಾರಿದರೆ ಕೊಂಡವರಿಗೆ ಉಳಿಯುವುದು ಕಾಗದ ಮಾತ್ರ. 1 ಎಕರೆಗೆ 40 ಗುಂಟೆ, 1 ಗುಂಟೆಗೆ 1089 ಚದರಡಿ. ಖರಾಬು ಕಳೆದು ಉಳಿದ ಗುಂಟೆಯಲ್ಲಿ ರಸ್ತೆ ಬಿಟ್ಟು ಅಷ್ಟು ಸೈಟು ನಿಜಕ್ಕೂ ಬರುತ್ತವಾ, ನೀವೇ ಲೆಕ್ಕ ಹಾಕಿ.

ಪಹಣಿ ಆದಮೇಲೆ ಮ್ಯುಟೇಶನ್, ಅಂದರೆ ಹಕ್ಕು ಬದಲಾವಣೆಯ ದಾಖಲೆಗಳ ಸರಣಿ. ಜಮೀನು ಯಾರಿಂದ ಯಾರಿಗೆ, ಯಾವ ಆಧಾರದ ಮೇಲೆ ಬಂತು? ಕ್ರಯವೋ, ವಿಭಾಗವೋ, ಪೌತಿಯೋ, ಮಂಜೂರೋ? 1974ಕ್ಕಿಂತ ಹಿಂದಕ್ಕೆ ಹೋಗಿ ನೋಡುವುದು ಒಳ್ಳೆಯದು. ಆ ವರ್ಷ ಮಾರ್ಚ್ 1ರಂದು ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿ, ಆಮೇಲೆ ಗೇಣಿದಾರರಿಗೆ ಸಿಕ್ಕವು. ಹಾಗಾಗಿ ಹಳೆಯ ಮಾಲೀಕರ ಮಕ್ಕಳು ಮಾರುತ್ತಿದ್ದಾರೋ, ಹಕ್ಕು ಪಡೆದ ಗೇಣಿದಾರರ ಕಡೆಯವರೋ ಎಂಬುದು ಸ್ಪಷ್ಟವಾಗಬೇಕು.

ಸರಣಿಯಲ್ಲಿ ಎಲ್ಲಾದರೂ 'ಮಂಜೂರು', 'ದರಖಾಸ್ತು', 'ಸಾಗುವಳಿ ಚೀಟಿ' ಎಂಬ ಪದ ಕಂಡರೆ ಅಲ್ಲೇ ನಿಲ್ಲಿ. ಪರಿಶಿಷ್ಟ ಜಾತಿ ಅಥವಾ ಪಂಗಡದ ಕುಟುಂಬಕ್ಕೆ ಮಂಜೂರಾದ ಜಮೀನಾದರೆ ಅಂಥ ಜಮೀನಿನ ಮಾರಾಟ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆ. ಸರ್ಕಾರದ ಮುಂಚಿನ ಅನುಮತಿ ಇಲ್ಲದೆ ಅದನ್ನು ಕೊಂಡರೆ ಮಾರಾಟವೇ ಅಸಿಂಧು. 2023ರ ತಿದ್ದುಪಡಿಯ ನಂತರ, ಜಮೀನು ವಾಪಸ್ ಕೇಳಲು ಕಾಲಮಿತಿಯೂ ಇಲ್ಲ. ನ್ಯಾಯವಾಗಿ ಆ ಕುಟುಂಬದ ಜಮೀನು ಅದು. ಯಾರೋ ಮಧ್ಯವರ್ತಿ "ಏನೂ ಆಗಲ್ಲ" ಎಂದರೆ ಕೇಳಬೇಡಿ.

ಪಿತ್ರಾರ್ಜಿತ ಆಸ್ತಿಯಾದರೆ ವಂಶವೃಕ್ಷ ಪಡೆದು ಹೆಣ್ಣುಮಕ್ಕಳ ಹೆಸರು ಇದೆಯಾ ನೋಡಿ. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. "ಅಕ್ಕಂದಿರಿಗೆ ಮದುವೆ ಆಗಿದೆ, ಅವರ ಸಹಿ ಬೇಡ" ಎನ್ನುವ ಮಾತು ಹಳ್ಳಿಗಳಲ್ಲಿ ಇನ್ನೂ ಕೇಳಿಬರುತ್ತದೆ. ಬೇಕೇ ಬೇಕು. ಅವರ ಪಾಲನ್ನು ನುಂಗಿದ ಜಾಗದಲ್ಲಿ ಮನೆ ಕಟ್ಟುವುದು ಕಾನೂನಿಗೂ ಸರಿಯಲ್ಲ, ಮನಸ್ಸಿಗೂ ಸರಿಯಲ್ಲ.

ಇನ್ನು ಋಣಭಾರ ಪತ್ರ, ಎಲ್ಲರೂ ಕರೆಯುವ ಇಸಿ. ಕಾವೇರಿ ಪೋರ್ಟಲ್‌ನಲ್ಲಿ 2004ರಿಂದ ಈಚಿನ ದಾಖಲೆ ಸುಲಭವಾಗಿ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೈಬರಹದ ಪುಸ್ತಕ ಹುಡುಕಿಸಬೇಕು. ತಡವಾದರೂ ಮಾಡಿಸಿ. 30 ವರ್ಷದ್ದಾದರೂ ಇರಲಿ. ಬರೀ ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಮೇಲೆ ಜಾಗ ಕೊಳ್ಳಬೇಡಿ. ಅಂಥ ಕಾಗದದಿಂದ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಕೊನೆಗೆ ಅಳತೆ. ಟಿಪ್ಪಣಿ, ಆಕಾರ್‌ಬಂದ್, ಗ್ರಾಮ ನಕ್ಷೆ ಎಂಬ ಸರ್ವೆ ದಾಖಲೆಗಳನ್ನು ತೆಗೆಸಿ. ಸರ್ವೆ ನಂಬರಿನ ಒಂದು ಭಾಗ ಮಾತ್ರ ಕೊಳ್ಳುತ್ತಿದ್ದರೆ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಬೇಕು. ಗಡಿ ಕಲ್ಲು ಕಾಣಿಸದಿದ್ದರೆ ಹದ್ದುಬಸ್ತಿಗೆ, ಅಂದರೆ ಗಡಿ ಗುರುತಿಸಲು ಅರ್ಜಿ ಹಾಕಿ. ಅಕ್ಕಪಕ್ಕದವರಿಗೆ ನೋಟಿಸ್ ಹೋಗಿ, ಅವರ ಎದುರಿಗೇ ಅಳತೆ ನಡೆಯುತ್ತದೆ. ಇವತ್ತು ಸ್ವಲ್ಪ ಮುಜುಗರ ಅನಿಸಬಹುದು. ಕಾಂಪೌಂಡ್ ಎದ್ದ ಮೇಲೆ ಜಗಳ ಆಗುವುದಕ್ಕಿಂತ ಅದು ಎಷ್ಟೋ ವಾಸಿ.

ಹಂತ 3: ಮಾಸ್ಟರ್ ಪ್ಲಾನ್‌ನಲ್ಲಿ ಜಾಗದ ಬಣ್ಣ ಯಾವುದು?

ಯೋಜನಾ ಪ್ರಾಧಿಕಾರದ ನಕ್ಷೆಯಲ್ಲಿ ಪ್ರತಿ ಸರ್ವೆ ನಂಬರಿಗೂ ಒಂದು ಬಣ್ಣ ಇರುತ್ತದೆ. ಹಳದಿ ಎಂದರೆ ವಸತಿ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ, ಹಸಿರು ಕೃಷಿ ಅಥವಾ ಉದ್ಯಾನ. "ಯೆಲ್ಲೋ ಜೋನ್ ಸಾರ್" ಎಂದು ಏಜೆಂಟ್ ಹೇಳಿದರೆ ನಂಬಿ ಸುಮ್ನೆ ಇರಬೇಡಿ. ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು, ಆ ಸರ್ವೆ ನಂಬರಿನ ಭೂ ಬಳಕೆ ಯಾವುದು ಎಂದು ಬರಹದಲ್ಲಿ ಪಡೆಯಿರಿ.

ಬಣ್ಣದ ಜೊತೆ ಗೆರೆಗಳನ್ನೂ ನೋಡಬೇಕು. ಈ ಜಿಲ್ಲೆಯಲ್ಲಿ ಗೆರೆಗಳೇ ಜಾಸ್ತಿ ಜನರನ್ನು ಸಿಕ್ಕಿಸಿವೆ. ಡಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮುಟ್ಟಿಕೊಂಡು ಸ್ಯಾಟಲೈಟ್ ಟೌನ್ ರಿಂಗ್ ರಸ್ತೆ ಹೋಗುತ್ತದೆ. ಹೆದ್ದಾರಿ ಪಕ್ಕದ ಜಾಗವಾದರೆ ಎಲ್ಲಿಂದ ಕಟ್ಟಡ ಶುರುವಾಗಬಹುದು ಎಂಬುದಕ್ಕೆ ಕಟ್ಟಡ ರೇಖೆ ಇರುತ್ತದೆ. ಇನ್ನೂ ಬಾರದ, ನಕ್ಷೆಯಲ್ಲಷ್ಟೇ ಇರುವ ರಸ್ತೆಯೂ ನಿಮ್ಮ ಸೈಟಿನ ಮೇಲೆ ಹಾದುಹೋಗಬಹುದು. ನೆಲದ ಮೇಲೆ ಅದು ಕಾಣುವುದಿಲ್ಲ.

ನೀರಿನ ಗೆರೆಗಳು ಇನ್ನೂ ಮುಖ್ಯ. ನೆಲಮಂಗಲ ಮತ್ತು ದೊಡ್ಡಬಳ್ಳಾಪುರ ತಾಲ್ಲೂಕುಗಳ ಬಹಳಷ್ಟು ಭಾಗ ಅರ್ಕಾವತಿ ಮತ್ತು ಕುಮುದ್ವತಿ ನದಿಗಳ ಜಲಾನಯನ ಪ್ರದೇಶ. ಈ ನೀರು ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಸೇರಬೇಕು. ಅದಕ್ಕಾಗಿ ಸರ್ಕಾರ 2003ರಲ್ಲಿ ಈ ಪ್ರದೇಶವನ್ನು 4 ವಲಯಗಳಾಗಿ ವಿಂಗಡಿಸಿ ನಿರ್ಬಂಧ ಹಾಕಿತು. ನಂತರ ತಿದ್ದುಪಡಿಯೂ ಆಗಿದೆ. ನಿಮ್ಮ ಸರ್ವೆ ನಂಬರ್ ಯಾವ ವಲಯದಲ್ಲಿದೆ ಎಂದು ಪ್ರಾಧಿಕಾರದಲ್ಲೇ ಕೇಳಿ. ಬೆಂಗಳೂರಿನ ಮಾಸ್ಟರ್ ಪ್ಲಾನ್ ವ್ಯಾಪ್ತಿಯಲ್ಲಿ ಕೆರೆಗೆ 30 ಮೀಟರ್, ರಾಜಕಾಲುವೆಗೆ ದರ್ಜೆ ನೋಡಿ 50, 25, 15 ಮೀಟರ್ ಬಫರ್, ಅಂದರೆ ಕಟ್ಟದೆ ಬಿಡಬೇಕಾದ ಅಂಚು ಇದೆ. ಹಸಿರು ನ್ಯಾಯಮಂಡಳಿ 2016ರಲ್ಲಿ ಹೆಚ್ಚಿಸಿದ್ದ ಅಳತೆಯನ್ನು ಸುಪ್ರೀಂ ಕೋರ್ಟ್ 2019ರಲ್ಲಿ ರದ್ದು ಮಾಡಿದೆ. ಬಫರ್ ಕಡಿಮೆಯಾಯಿತು ಎಂದು ಖುಷಿಪಡುವ ಮುಂಚೆ ಮಳೆಗಾಲದಲ್ಲಿ ಒಂದು ಸಲ ಜಾಗ ನೋಡಿ ಬನ್ನಿ. ಬತ್ತಿದ ಹಳ್ಳಕ್ಕೂ ದಾರಿ ನೆನಪಿರುತ್ತದೆ.

ದೇವನಹಳ್ಳಿ ಕಡೆಯವರಿಗೆ ಇನ್ನೊಂದು ಮಾತು. ವಿಮಾನ ನಿಲ್ದಾಣದ ಸುತ್ತ ಕಟ್ಟಡದ ಎತ್ತರಕ್ಕೆ ಮಿತಿ ಇದೆ. ಮೇಲೆ ಇನ್ನೊಂದು ಮಹಡಿ ಹಾಕುವ ಯೋಚನೆ ಇದ್ದರೆ ಈಗಲೇ ವಿಚಾರಿಸಿಕೊಳ್ಳಿ.

ಹಸಿರು ವಲಯದಲ್ಲಿರುವ ಜಾಗಕ್ಕೆ ವಸತಿ ಬಳಕೆ ಬೇಕಿದ್ದರೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಅಡಿ ಭೂ ಬಳಕೆ ಬದಲಾವಣೆಗೆ ಅರ್ಜಿ ಹಾಕಬೇಕು. ಪ್ರಕಟಣೆ ಕೊಟ್ಟು ಆಕ್ಷೇಪಣೆ ಕೇಳುತ್ತಾರೆ. ಸಿಕ್ಕೇ ಸಿಗುತ್ತದೆ ಎಂದು ಯಾರೂ ಮಾತು ಕೊಡಲಾಗದು. ಹಾಗಾಗಿ ಒಂದು ಸೈಟಿಗೋಸ್ಕರ ಹಸಿರು ವಲಯದಲ್ಲಿ ದುಡ್ಡು ಹಾಕಬೇಡಿ ಎಂಬುದೇ ನನ್ನ ಸಲಹೆ.

ಹಂತ 4: ಭೂ ಪರಿವರ್ತನೆ

ಕೃಷಿ ಜಮೀನನ್ನು ಬೇರೆ ಕೆಲಸಕ್ಕೆ ಬಳಸಲು 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಂ ಅಡಿ ಜಿಲ್ಲಾಧಿಕಾರಿಯ ಆದೇಶ ಬೇಕು. ಡಿಸಿ ಕನ್ವರ್ಷನ್ ಎನ್ನುವುದು ಇದಕ್ಕೇ. ಅರ್ಜಿ ಈಗ ಆನ್‌ಲೈನ್, ಜೊತೆಗೆ ಅಫಿಡವಿಟ್ ಹಾಕಬೇಕು. ಅಫಿಡವಿಟ್‌ನಲ್ಲಿ ನೀವು ಹೇಳಿದ್ದಕ್ಕೆ ನೀವೇ ಹೊಣೆ. ಅದಕ್ಕೇ 2 ಮತ್ತು 3ನೇ ಹಂತ ಮುಗಿಸಿಯೇ ಇಲ್ಲಿಗೆ ಬನ್ನಿ ಎನ್ನುವುದು. ಗ್ರಾಮಾಂತರ ಜಿಲ್ಲೆಯ ಜಿಲ್ಲಾಡಳಿತ ಭವನ ಇರುವುದು ದೇವನಹಳ್ಳಿ ತಾಲ್ಲೂಕಿನ ಬೀರಸಂದ್ರದಲ್ಲಿ.

ಬೇರೆಯವರು ಮಾಡಿಸಿದ ಕನ್ವರ್ಷನ್ ಆದೇಶ ಕೈಗೆ ಬಂದರೆ ಪೂರ್ತಿ ಓದಿ. ಯಾವ ಸರ್ವೆ ನಂಬರ್, ಎಷ್ಟು ಗುಂಟೆ, ಯಾವ ಉದ್ದೇಶಕ್ಕೆ? ಕೈಗಾರಿಕೆಗೆಂದು ಪರಿವರ್ತನೆಯಾದ ಜಾಗದಲ್ಲಿ ಮನೆ ಕಟ್ಟಲು ಬರುವುದಿಲ್ಲ. ಕೊನೆಯ ಪುಟದ ಷರತ್ತುಗಳನ್ನೂ ಬಿಡಬೇಡಿ.

2020ರ ಭೂ ಸುಧಾರಣಾ ತಿದ್ದುಪಡಿಯಿಂದ 79ಎ, 79ಬಿ ಕಲಂಗಳು ಹೋದವು. ಈಗ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಕೊಳ್ಳಬಹುದು ಅಂದರೆ ಅಲ್ಲಿ ಬಂಗಲೆ ಕಟ್ಟಬಹುದು ಎಂದಲ್ಲ. ಸ್ವಂತ ಸಾಗುವಳಿಗೆ ಬೇಕಾದ ತೋಟದ ಮನೆಗೆ ಹಿಡುವಳಿಯ ಶೇ 10ರ ಮಿತಿಯಲ್ಲಿ ಕಾನೂನು ಜಾಗ ಕೊಟ್ಟಿದೆ. ಅದನ್ನೇ ನೆಪ ಮಾಡಿ 5 ಗುಂಟೆ, 10 ಗುಂಟೆ ತುಂಡು ಮಾಡಿ 'ಫಾರ್ಮ್ ಪ್ಲಾಟ್' ಎಂದು ಮಾರುವವರಿಂದ ದೂರ ಇರಿ. ವಿದೇಶದಲ್ಲಿರುವ ಕನ್ನಡಿಗರು ಇನ್ನೊಂದು ವಿಷಯ ಗಮನಿಸಬೇಕು. ಅನಿವಾಸಿ ಭಾರತೀಯರು ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು.

ಗ್ರಾಮಠಾಣಾ ಜಾಗಕ್ಕೆ, ಅಂದರೆ ಹಳ್ಳಿಯ ಹಳೆಯ ಊರೊಳಗಿನ ಮನೆ ಜಾಗಕ್ಕೆ ಪರಿವರ್ತನೆ ಬೇಡ. ಆದರೆ ಅದು ನಿಜವಾಗಿ ಗ್ರಾಮಠಾಣಾ ಗಡಿಯೊಳಗೇ ಇದೆಯಾ ಎಂದು ಗ್ರಾಮ ನಕ್ಷೆಯಲ್ಲಿ ನೋಡಿ. ಊರು ಬೆಳೆದಿರುತ್ತದೆ, ನಕ್ಷೆಯ ಗೆರೆ ಅಲ್ಲೇ ಇರುತ್ತದೆ.

ಹಂತ 5: ಲೇಔಟ್ ಅನುಮೋದನೆ

ಹೆಚ್ಚಿನವರು ಎಡವುವುದು ಇಲ್ಲೇ. ಪರಿವರ್ತನೆ ಆದ 2 ಎಕರೆಯನ್ನು ಸೈಟುಗಳಾಗಿ ಒಡೆಯಲು ಯೋಜನಾ ಪ್ರಾಧಿಕಾರದ ಬೇರೆ ಅನುಮೋದನೆ ಬೇಕು. 1961ರ ಯೋಜನಾ ಕಾಯ್ದೆಯ 17ನೇ ಕಲಂ ಇದನ್ನು ಹೇಳುತ್ತದೆ. ರಸ್ತೆ, ಪಾರ್ಕು, ನಾಗರಿಕ ಸೌಲಭ್ಯದ ಜಾಗ ಬಿಟ್ಟು, ಅವನ್ನು ಸ್ಥಳೀಯ ಸಂಸ್ಥೆಗೆ ಬರೆದುಕೊಟ್ಟ ಮೇಲೆ ಸೈಟುಗಳು ಬಿಡುಗಡೆ ಆಗುತ್ತವೆ. ಈ ಅನುಮೋದನೆ ಇಲ್ಲದ ಲೇಔಟಿನಲ್ಲಿ ನಿಮ್ಮ ಮನೆ ಮುಂದಿನ ರಸ್ತೆ ಯಾರದೋ ಖಾಸಗಿ ಜಾಗ. ನಾಳೆ ಬೇಲಿ ಹಾಕಿದರೆ ಕೇಳುವವರಿಲ್ಲ. ಚರಂಡಿ, ನೀರಿನ ಪೈಪು ಹಾಕಿಸಿ ಎಂದು ಪಂಚಾಯಿತಿಯನ್ನು ಕೇಳಲೂ ಕಷ್ಟ.

ಮಾರುವವರ ಹತ್ತಿರ ಮೂರು ಕಾಗದ ಕೇಳಿ: ಅನುಮೋದನೆಯ ಆದೇಶ, ಸೀಲು ಇರುವ ಲೇಔಟ್ ನಕ್ಷೆ, ನಿಮ್ಮ ಸೈಟಿನ ನಂಬರ್ ಇರುವ ಬಿಡುಗಡೆ ಪತ್ರ. ಬಿಡುಗಡೆ ಹಂತಹಂತವಾಗಿ ಆಗುವುದರಿಂದ ಲೇಔಟಿಗೆ ಅನುಮೋದನೆ ಇದ್ದೂ ನಿಮ್ಮ ಸೈಟು ಬಿಡುಗಡೆ ಆಗದೆ ಇರಬಹುದು. 500 ಚದರ ಮೀಟರ್ ಮೀರಿದ ಅಥವಾ 8ಕ್ಕಿಂತ ಜಾಸ್ತಿ ಸೈಟುಗಳ ಲೇಔಟಾದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಇರಲೇಬೇಕು. ರೇರಾ ಕರ್ನಾಟಕದ ವೆಬ್‌ಸೈಟಿನಲ್ಲಿ ಹೆಸರು ಹಾಕಿದರೆ ದಾಖಲೆಗಳೇ ಸಿಗುತ್ತವೆ.

ಬಿಡಿಯಾದ ಒಂದೇ ಜಾಗವಾದರೆ ಏಕ ನಿವೇಶನ ಅನುಮೋದನೆಗೆ ಅರ್ಜಿ ಹಾಕಬಹುದು.

ಹಂತ 6: ಖಾತೆ

ಪಂಚಾಯಿತಿಯಲ್ಲಿ ಇ-ಸ್ವತ್ತು ತಂತ್ರಾಂಶದ ಮೂಲಕ ನಮೂನೆ 9 ಮತ್ತು 11ಎ ಕೊಡುತ್ತಾರೆ. ಗ್ರಾಮಠಾಣಾ ಜಾಗಕ್ಕೆ, ಪರಿವರ್ತನೆ ಮತ್ತು ನಕ್ಷೆ ಅನುಮೋದನೆ ಎರಡೂ ಆದ ಸೈಟಿಗೆ, ಸರ್ಕಾರಿ ವಸತಿ ಯೋಜನೆಯ ಸೈಟಿಗೆ ಇದು ಸಿಗುತ್ತದೆ. ಉಳಿದವಕ್ಕೆ ಸಿಗುವುದು 11ಬಿ. ತೆರಿಗೆ ಪಟ್ಟಿಯಲ್ಲಿ ಹೆಸರಿದೆ ಎಂಬುದಕ್ಕಷ್ಟೇ ಅದು ಆಧಾರ. ನಗರಸಭೆಯಲ್ಲಿ ಇದೇ ವ್ಯತ್ಯಾಸ ಎ ಖಾತೆ, ಬಿ ಖಾತೆ ಎಂದು ಇರುತ್ತದೆ. "ಇ-ಖಾತಾ ಇದೆ" ಎಂದು ಹೇಳಿದಾಗ ಯಾವ ನಮೂನೆ ಎಂದು ಕೇಳಿ.

ಈಗಾಗಲೇ ರೆವಿನ್ಯೂ ಸೈಟು, ಅಂದರೆ ಪರಿವರ್ತನೆ ಅಥವಾ ಅನುಮೋದನೆ ಆಗದ ಸೈಟು ಕೊಂಡು ಕೂತವರು ಬಹಳ ಮಂದಿ ಇದ್ದಾರೆ. ಅವರಿಗೆ ನಾನು ಹೇಳುವುದು ಇಷ್ಟು. ನಿಯಮ ಮೀರಿದ್ದನ್ನು ದಂಡ ಕಟ್ಟಿ ಸಕ್ರಮ ಮಾಡಿಸುವ ಅಕ್ರಮ-ಸಕ್ರಮ ಯೋಜನೆ ಬರುತ್ತದೆ ಎಂಬ ಭರವಸೆಯ ಮೇಲೆ ಈಗ ಮನೆ ಕಟ್ಟಬೇಡಿ. ನಗರ ಪ್ರದೇಶದ ಆ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ತಡೆ ಕೊಟ್ಟಿತು. ಮೊದಲು ಜಾಗದ ವಲಯ ತಿಳಿದುಕೊಳ್ಳಿ. ವಸತಿ ವಲಯವಾದರೆ ಅಕ್ಕಪಕ್ಕದ ಸೈಟಿನವರನ್ನೆಲ್ಲ ಸೇರಿಸಿ, ಪರಿವರ್ತನೆ ಮತ್ತು ಅನುಮೋದನೆಗೆ ಒಟ್ಟಾಗಿ ಪ್ರಯತ್ನಿಸಿ. ರಸ್ತೆ, ಪಾರ್ಕಿಗೆ ಜಾಗ ಬಿಡಬೇಕಾಗುತ್ತದೆ, ಎಲ್ಲರೂ ಒಪ್ಪಬೇಕು. ಕಷ್ಟದ ಕೆಲಸವೇ, ಆದರೂ ಒಬ್ಬೊಬ್ಬರೇ ಓಡಾಡುವುದಕ್ಕಿಂತ ಇದರಲ್ಲಿ ದಾರಿ ಇದೆ.

ಹಂತ 7: ಕಟ್ಟಡದ ನಕ್ಷೆ ಮತ್ತು ಪರವಾನಗಿ

ಹಿಂದಿನದೆಲ್ಲ ಸರಿಯಾಗಿದ್ದರೆ ಇದು ಸಲೀಸು. ನೋಂದಾಯಿತ ಎಂಜಿನಿಯರ್ ಅಥವಾ ಆರ್ಕಿಟೆಕ್ಟ್ ಹತ್ತಿರ ನಕ್ಷೆ ಬರೆಸಿ. ಸೈಟಿನ ಅಳತೆ, ಮುಂದಿನ ರಸ್ತೆಯ ಅಗಲ ನೋಡಿ ಎಷ್ಟು ಸೆಟ್‌ಬ್ಯಾಕ್ (ಮನೆಯ ಸುತ್ತ ಖಾಲಿ ಬಿಡುವ ಜಾಗ) ಬಿಡಬೇಕು, ಎಷ್ಟು ಮಹಡಿ ಕಟ್ಟಬಹುದು ಎಂಬುದು ತೀರ್ಮಾನ ಆಗುತ್ತದೆ. ಆ ಅಗಲವನ್ನು ಟೇಪು ಹಿಡಿದು ನೀವೇ ಅಳೆದುಕೊಳ್ಳಿ. ಪತ್ರದಲ್ಲಿ 30 ಅಡಿ ಎಂದಿದ್ದು, ನೆಲದ ಮೇಲೆ 20 ಅಡಿ ಇದ್ದರೆ ಈಗಲೇ ಗೊತ್ತಾಗಬೇಕು.

ಪಂಚಾಯಿತಿ ವ್ಯಾಪ್ತಿಯಲ್ಲಿ 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಂ ಪ್ರಕಾರ ಪಂಚಾಯಿತಿಯ ಲಿಖಿತ ಅನುಮತಿ ಬೇಕು. ಅರ್ಜಿಯನ್ನು ಪಿಡಿಒಗೆ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಕೊಡಬೇಕು. ಯೋಜನಾ ಪ್ರದೇಶದೊಳಗಿದ್ದರೆ ಪ್ರಾಧಿಕಾರದ ಒಪ್ಪಿಗೆಯೂ ಬೇಕು. ನಗರಸಭೆಯಲ್ಲಿ ಆನ್‌ಲೈನ್ ಅರ್ಜಿ. ಬೆಂಗಳೂರು ನಗರದೊಳಗಾದರೆ 50×80 ಅಡಿವರೆಗಿನ ಸೈಟಿನ ಮನೆಗಳಿಗೆ ನಕ್ಷೆಗೆ ಆನ್‌ಲೈನಿನಲ್ಲೇ ಬೇಗ ಮಂಜೂರಾತಿ ಕೊಡುವ, 2024ರಲ್ಲಿ ಶುರುವಾದ 'ನಂಬಿಕೆ ನಕ್ಷೆ' ವ್ಯವಸ್ಥೆ ಇದೆ.

ಯಾವ ಅರ್ಜಿ ಕೊಟ್ಟರೂ ಸ್ವೀಕೃತಿ ಪಡೆಯಿರಿ. ಸೇವೆ ಸಕಾಲದ (ನಿಗದಿತ ಅವಧಿಯೊಳಗೆ ಸರ್ಕಾರಿ ಸೇವೆ ಕೊಡುವ ವ್ಯವಸ್ಥೆ) ಪಟ್ಟಿಯಲ್ಲಿದ್ದರೆ ಅರ್ಜಿಯ ಜಿಎಸ್‌ಸಿ ನಂಬರ್ ಕೇಳಿ. 2011ರ ಸಕಾಲ ಕಾಯ್ದೆ ಪ್ರಕಾರ ಅವಧಿ ಮೀರಿದರೆ ಮೇಲ್ಮನವಿ ಹಾಕಬಹುದು. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಪಡೆಯಿರಿ. ಬಾಯಿಮಾತಿನ "ಆಗಲ್ಲ"ಕ್ಕೆ ಮೇಲ್ಮನವಿ ಇಲ್ಲ.

ಹಂತ 8: ಕಟ್ಟುವಾಗ ಮತ್ತು ಕಟ್ಟಿದ ಮೇಲೆ

ಮಂಜೂರಾದ ನಕ್ಷೆಯ ಒಂದು ಪ್ರತಿ ಸೈಟಿನಲ್ಲೇ ಇರಲಿ. ಬುನಾದಿ ಗುರುತು ಹಾಕುವ ದಿನ ಎಂಜಿನಿಯರ್ ಜೊತೆ ನಿಂತು ಸೆಟ್‌ಬ್ಯಾಕ್ ಅಳೆಯಿಸಿ. ಮೇಸ್ತ್ರಿ "ಅರ್ಧ ಅಡಿ ಆ ಕಡೆ ತಗೊಳ್ಳೋಣ, ರೂಮ್ ದೊಡ್ಡದಾಗುತ್ತೆ" ಎಂದರೆ ಬೇಡ ಎನ್ನಿ. ಬಾಲ್ಕನಿ, ಮೆಟ್ಟಿಲು ಹೊರಚಾಚುವುದೂ ಲೆಕ್ಕಕ್ಕೆ ಬರುತ್ತದೆ. ಪರವಾನಗಿಯ ಅವಧಿ ಮುಗಿಯುವ ಮುಂಚೆ ಮನೆ ಮುಗಿಯದಿದ್ದರೆ ನವೀಕರಣಕ್ಕೆ ಅರ್ಜಿ ಹಾಕಿ.

ಮನೆ ಮುಗಿದ ಮೇಲೆ ಸ್ವಾಧೀನಾನುಭವ ಪತ್ರ, ಅಂದರೆ ಓಸಿ. ಮನೆ ನಕ್ಷೆಯಂತೆ ಕಟ್ಟಿದೆ, ವಾಸಕ್ಕೆ ಸರಿ ಎಂದು ಕೊಡುವ ಪತ್ರ ಇದು. ಮೊದಲೆಲ್ಲ ಯಾರೂ ಇದರ ಗೋಜಿಗೆ ಹೋಗುತ್ತಿರಲಿಲ್ಲ. ಓಸಿ ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಡಿ ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರಂದು ಹೇಳಿದ ಮೇಲೆ ಪರಿಸ್ಥಿತಿ ಬದಲಾಯಿತು. ರಾಜ್ಯದಲ್ಲಿ ಎಷ್ಟೋ ಹೊಸ ಮನೆಗಳಿಗೆ ಕರೆಂಟ್ ಸಿಗದೆ ನಿಂತವು. 2025ರಲ್ಲಿ ಸರ್ಕಾರ 1200 ಚದರಡಿವರೆಗಿನ ಸೈಟಿನ ಸಣ್ಣ ಮನೆಗಳಿಗೆ ಓಸಿಯಿಂದ ವಿನಾಯಿತಿ ಕೊಟ್ಟಿತು. ಮಹಡಿಗಳಿಗೆ ಮಿತಿ ಇದೆ, ನಕ್ಷೆ ಮಂಜೂರಾತಿಯಿಂದ ವಿನಾಯಿತಿ ಇಲ್ಲ. ಹಾಗಾಗಿ ಸೈಟು ಚಿಕ್ಕದಿದ್ದರೂ ನಕ್ಷೆ ಮಾಡಿಸಿಯೇ ಕಟ್ಟಿ, ಸಾಧ್ಯವಾದರೆ ಓಸಿಯನ್ನೂ ಪಡೆಯಿರಿ. ಮುಂದೆ ಬ್ಯಾಂಕು, ಕೊಳ್ಳುವವರು ಇಬ್ಬರೂ ಕೇಳುತ್ತಾರೆ.

ಓಸಿ ಬಂದ ಮೇಲೆ ಖಾಲಿ ನಿವೇಶನ ಎಂದಿರುವ ಖಾತೆಯನ್ನು ಕಟ್ಟಡ ಸೇರಿಸಿ ತಿದ್ದಿಸಬೇಕು, ತೆರಿಗೆಯನ್ನೂ ಹೊಸದಾಗಿ ನಿಗದಿ ಮಾಡಿಸಬೇಕು. ತಾತ್ಕಾಲಿಕ ವಿದ್ಯುತ್ ಸಂಪರ್ಕವನ್ನು ಕಾಯಂ ಮಾಡಿಸುವಾಗ ಖಾತೆಯಲ್ಲಿರುವ ಹೆಸರು, ಅರ್ಜಿಯಲ್ಲಿರುವ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇದೆಯಾ ನೋಡಿಕೊಳ್ಳಿ.